ನೆಲೆ ಬಿಡದ ಹಕ್ಕಿ: ಬೇಟೆನಾಯಿಯ ತರಬೇತಿಗೆ ಪಾರಿವಾಳ ಹಿಡಿದ ಒಂದು ಪ್ರಕರಣ

ಹಕ್ಕಿ ಬೇಟೆಗೆ ಪಳಗಿಸುವ ನಾಯಿಗೆ ಜೀವಂತ ಹಕ್ಕಿಯಿಲ್ಲದೆ ಪಾಠ ಹೇಳಲಾಗದು. ಕೋಲಿನ ತುದಿಗೆ ಕಟ್ಟಿದ ರೆಕ್ಕೆ, ವಾಸನೆ ಬಳಿದ ಬೊಂಬೆ ಇವೆಲ್ಲ ಆರಂಭದ ಕೆಲವು ವಾರಗಳಿಗೆ ಸಾಕಾಗಬಹುದು. ಆದರೆ ಗಾಳಿಯಲ್ಲಿ ತೇಲಿಬರುವ ವಾಸನೆಯನ್ನು ಹಿಡಿದು ದೂರದಲ್ಲೇ ನಿಲ್ಲುವುದನ್ನು, ಹಕ್ಕಿ ಎದ್ದು ಹಾರಿದರೂ ಕದಲದಿರುವುದನ್ನು ನಾಯಿ ಹಕ್ಕಿಯಿಂದಲೇ ಕಲಿಯಬೇಕು. ಈ ಕಾರಣದಿಂದ ಅನೇಕ ತರಬೇತುದಾರರು ಕಣಜ, ಕೊಟ್ಟಿಗೆ, ಸೇತುವೆಗಳಲ್ಲಿ ನೆಲೆಸಿರುವ ಪಾರಿವಾಳಗಳನ್ನು ಬೋನಿನಲ್ಲಿ ಹಿಡಿದು ಬಳಸುತ್ತಾರೆ. ಇಲ್ಲಿ ವಿವರಿಸುತ್ತಿರುವುದು ಅಂಥ ಒಂದು ಪ್ರಕರಣವನ್ನು. ಇದರಲ್ಲಿ ಒಬ್ಬ ಹವ್ಯಾಸಿ ತರಬೇತುದಾರರಿದ್ದಾರೆ, ಅವರ ಒಂದೂವರೆ ವರ್ಷದ ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ಹೆಣ್ಣುನಾಯಿ ಇದೆ, ಪಾರಿವಾಳಗಳ ಕಾಟದಿಂದ ಬೇಸತ್ತ ಒಬ್ಬ ಹೈನುಗಾರರಿದ್ದಾರೆ. ಹಿಡಿದ ಹಕ್ಕಿಗಳು ಸಾಯತೊಡಗಿದಾಗ ತರಬೇತುದಾರರು ನನ್ನ ಸಲಹೆ ಕೇಳಿದರು. ಪಾರಿವಾಳ ಸಾಕುವವನಾದ ನಾನು ಅಲ್ಲಿಂದ ಮುಂದಿನದನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೆ ಮೊದಲಿನದನ್ನು ಅವರ ಟಿಪ್ಪಣಿ ಪುಸ್ತಕದಿಂದಲೂ ಅವರ ಮಾತಿನಿಂದಲೂ ತಿಳಿದುಕೊಂಡಿದ್ದೇನೆ.

ಪ್ರಕರಣದ ಉದ್ದಕ್ಕೂ ಒಂದೇ ಸಂಗತಿ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತ ಹೋಯಿತು. ಪ್ರತಿಯೊಂದು ಪಾರಿವಾಳಕ್ಕೂ ಒಂದು ನೆಲೆಯಿದೆ, ಒಂದು ಜೋಡಿಯಿದೆ, ವರ್ಷದ ಬಹುಭಾಗ ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಇರುತ್ತದೆ. ಅದು ಅವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮೊದಲು ಬೋನು ಖಾಲಿ ಉಳಿದದ್ದಕ್ಕೆ, ಆಮೇಲೆ ತುಂಬಿದ್ದಕ್ಕೆ, ಹೈನುಗಾರರ ಅಸಮಾಧಾನಕ್ಕೆ, ಕೊನೆಗೆ ಸಿಕ್ಕ ದಾರಿಗೆ, ಎಲ್ಲಕ್ಕೂ ಮೂಲ ಅದೇ.

ನಾಯಿಯ ತೊಂದರೆ

ಪಾಯಿಂಟರ್ ಜಾತಿಯ ನಾಯಿಗಳಲ್ಲಿ ಕಾಣುವ, ಹಕ್ಕಿಯ ವಾಸನೆ ಸಿಕ್ಕಲ್ಲೇ ಕದಲದೆ ನಿಲ್ಲುವ ನಿಲುವು ಹೊಸದಾಗಿ ಕಲಿಸಿದ್ದಲ್ಲ. ಬೇಟೆಯಾಡುವ ಪ್ರಾಣಿ ಎರಗುವ ಮುನ್ನ ಒಂದು ಕ್ಷಣ ತಡೆಯುತ್ತದೆ. ಆ ತಡೆಯನ್ನೇ ಮನುಷ್ಯರು ತಲೆಮಾರುಗಳ ಕಾಲ ಆಯ್ದು ಆಯ್ದು ತಳಿ ಬೆಳೆಸಿ ಉದ್ದಗೊಳಿಸಿದ್ದಾರೆ. ಹಾಗಾಗಿ ತರಬೇತಿಯ ಕೆಲಸ ಇರುವ ಗುಣವನ್ನು ಕೆಡದಂತೆ ಕಾಯುವುದು, ಅದನ್ನು ಗಟ್ಟಿಗೊಳಿಸುವುದು. ಈ ನಾಯಿಯಲ್ಲಿ ಅದು ಕೆಟ್ಟಿತ್ತು. ಎಳೆಯ ವಯಸ್ಸಿನಲ್ಲಿ ಅದಕ್ಕೆ ಸಾಕಿದ ಲಾವಕ್ಕಿಗಳನ್ನು ಕೊಡಲಾಗಿತ್ತು. ಪಂಜರದಲ್ಲೇ ಬೆಳೆದ ಲಾವಕ್ಕಿಗಳು ಒದ್ದೆ ಹುಲ್ಲಿನಲ್ಲಿ ಸರಿಯಾಗಿ ಏಳಲಾರದೆ ಹತ್ತಾರು ಹೆಜ್ಜೆಗಳಾಚೆ ಬಿದ್ದುಬಿಡುತ್ತಿದ್ದವು, ನಾಯಿ ಓಡಿ ಹಿಡಿಯುತ್ತಿತ್ತು. ಕೆಲವೇ ದಿನಗಳಲ್ಲಿ ಅದು ವಾಸನೆ ಸಿಕ್ಕ ಕೂಡಲೇ ನಿಲ್ಲುವುದನ್ನು ಬಿಟ್ಟು, ಹೊಟ್ಟೆ ನೆಲಕ್ಕೆ ತಾಗುವಂತೆ ತೆವಳಿ ಹತ್ತಿರ ಹೋಗಿ ಹಾರಿ ಬೀಳುವುದನ್ನು ರೂಢಿಸಿಕೊಂಡಿತು. ಅದರ ಲೆಕ್ಕದಲ್ಲಿ ಅದು ತಪ್ಪೇ ಅಲ್ಲ: ನಿಂತರೆ ಏನೂ ಸಿಗುವುದಿಲ್ಲ, ನುಗ್ಗಿದರೆ ಹಕ್ಕಿ ಸಿಗುತ್ತದೆ.

ಇದನ್ನು ತಿದ್ದಲು ನಾಯಿಯ ಕೈಗೆ ಎಂದೂ ಸಿಗದ ಹಕ್ಕಿ ಬೇಕಿತ್ತು. ಕೊಟ್ಟಿಗೆಯ ಪಾರಿವಾಳ ಸುಮಾರು 300ರಿಂದ 350 ಗ್ರಾಂ ತೂಗುತ್ತದೆ. ಎದೆಯ ಸ್ನಾಯು ಬಲವಾಗಿದ್ದು, ನೆಲದಿಂದ ಬಹುತೇಕ ನೆಟ್ಟಗೆ ಮೇಲೇಳಬಲ್ಲದು. ಕಾಳು ತಿಂದು ಬದುಕುವುದರಿಂದ ಇಟ್ಟುಕೊಳ್ಳುವುದು ಸುಲಭ, ಮುಟ್ಟಿ ಹಿಡಿದರೆ ಲಾವಕ್ಕಿಯಷ್ಟು ಬೇಗ ಗಾಬರಿಯಿಂದ ಸೊರಗುವುದಿಲ್ಲ. ಮನೆಗೆ ಮರಳುವ ಸಾಕುಪಾರಿವಾಳಗಳನ್ನು ಕೊಳ್ಳಬಹುದಿತ್ತಲ್ಲ ಎಂದು ಕೇಳಬಹುದು. ಬಲಿತ ಹಕ್ಕಿಯನ್ನು ಕೊಂಡು ತಂದು ಬಿಟ್ಟರೆ ಅದು ಮಾರಿದವರ ಗೂಡಿಗೇ ಹಾರಿಹೋಗುತ್ತದೆ. ತರಬೇತುದಾರರಿಗೆ ಆಗ ಸ್ವಂತ ಪಾರಿವಾಳದ ಮನೆ ಇರಲಿಲ್ಲ. ಅದೇ ವೇಳೆಗೆ ಹೈನುಗಾರರು ತಮ್ಮ ಕೊಟ್ಟಿಗೆಯ ಹಿಂಡನ್ನು ಯಾರಾದರೂ ಕೊಂಡೊಯ್ದರೆ ಸಾಕು ಎಂದು ಕಾಯುತ್ತಿದ್ದರು. ಇಬ್ಬರ ಬೇಡಿಕೆಗಳೂ ಒಂದಕ್ಕೊಂದು ಹೊಂದುವಂತೆ ಕಂಡವು.

ಹಿಂಡು ಮತ್ತು ಕೊಟ್ಟಿಗೆ

ಊರುಗಳಲ್ಲಿ, ಹೊಲಮನೆಗಳಲ್ಲಿ ಕಾಣುವ ಈ ಪಾರಿವಾಳಗಳು ಕೊಲಂಬಾ ಲಿವಿಯಾ ಎಂಬ ಬಂಡೆ ಪಾರಿವಾಳದ ವಂಶದವು. ಮನುಷ್ಯರು ಸಾವಿರಾರು ವರ್ಷಗಳ ಹಿಂದೆಯೇ ಸಾಕಿ, ಆಮೇಲೆ ತಪ್ಪಿಸಿಕೊಂಡು ತಲೆಮಾರುಗಳಿಂದ ತಮ್ಮ ಪಾಡಿಗೆ ಬದುಕುತ್ತಿರುವ ಹಕ್ಕಿಗಳಿವು. ಕಡಿದಾದ ಬಂಡೆಯ ಸಂದುಗಳಲ್ಲಿ ಗೂಡು ಕಟ್ಟುವ ಅಭ್ಯಾಸ ಅವುಗಳ ರಕ್ತದಲ್ಲಿ ಉಳಿದಿದೆ. ತೊಲೆ ಜಂತಿಗಳಿರುವ ಎತ್ತರದ ಕೊಟ್ಟಿಗೆ ಅವುಗಳ ಕಣ್ಣಿಗೆ ಬಂಡೆಯೇ. ಒಂದು ಸೂಲಿಗೆ ಸಾಮಾನ್ಯವಾಗಿ ಎರಡು ಮೊಟ್ಟೆ. ಗಂಡು ಹೆಣ್ಣು ಸರದಿಯಲ್ಲಿ 17ರಿಂದ 19 ದಿನ ಕಾವು ಕೂರುತ್ತವೆ. ಮರಿಗಳು ಗೂಡು ಬಿಡಲು ಬೆಚ್ಚನೆಯ ಕಾಲದಲ್ಲಿ ನಾಲ್ಕೈದು ವಾರ ಬೇಕು, ಚಳಿಯಲ್ಲಿ ಇನ್ನೂ ಹೆಚ್ಚು. ಮೇವು ಯಥೇಚ್ಛವಾಗಿದ್ದರೆ ಮರಿಗಳು ಇನ್ನೂ ಗೂಡಿನಲ್ಲಿರುವಾಗಲೇ ಮುಂದಿನ ಮೊಟ್ಟೆ ಇಟ್ಟುಬಿಡುತ್ತವೆ.

ಹೈನುಗಾರರ ಕೊಟ್ಟಿಗೆಯಲ್ಲಿ ಮೇವು ಯಥೇಚ್ಛವಾಗಿಯೇ ಇತ್ತು. ಪಶು ಆಹಾರ ಬೆರೆಸುವ ಅಂಗಳದಲ್ಲಿ ಮೆಕ್ಕೆಜೋಳ ದಿನವೂ ಚೆಲ್ಲುತ್ತಿತ್ತು, ದನಗಳ ನೀರಿನ ತೊಟ್ಟಿ ಸದಾ ತುಂಬಿರುತ್ತಿತ್ತು, ಸೂರಿನ ಕೆಳಗಿನ ಕಿಂಡಿಗಳಿಗೆ ಜಾಲರಿ ಇರಲಿಲ್ಲ. ಹಿಕ್ಕೆ ಬಿದ್ದು ಮೇವು ಹಾಳಾಗುತ್ತಿತ್ತು.

ಕಾನೂನಿನ ವಿಚಾರವನ್ನು ತರಬೇತುದಾರರು ಮೊದಲೇ ವಿಚಾರಿಸಿಕೊಂಡದ್ದು ಮೆಚ್ಚಬೇಕಾದ ಸಂಗತಿ. ಹಕ್ಕಿ ಹಿಡಿಯುವುದರ ಬಗ್ಗೆ ಒಂದೊಂದು ದೇಶದಲ್ಲಿ ಒಂದೊಂದು ನಿಯಮವಿದೆ; ಒಂದೇ ದೇಶದೊಳಗೂ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬದಲಾಗಬಹುದು. ಉದಾಹರಣೆಗೆ, ಅಮೆರಿಕದ 1918ರ ವಲಸೆ ಹಕ್ಕಿಗಳ ಒಪ್ಪಂದ ಕಾಯ್ದೆಯ ರಕ್ಷಣೆ ಈ ಪಾರಿವಾಳಗಳಿಗಿಲ್ಲ, ಆದರೆ ಅದೇ ಅಂಗಳಕ್ಕೆ ಕಾಳು ತಿನ್ನಲು ಬರುವ ಅಲ್ಲಿನ ಮೋರ್ನಿಂಗ್ ಡವ್ ಎಂಬ ಬೆಳವಕ್ಕೆ ಇದೆ. ಬೋನು ಈ ವ್ಯತ್ಯಾಸ ಅರಿಯದು, ಇಟ್ಟವರೇ ಅರಿತಿರಬೇಕು. ಯಾವುದೇ ಜಾಗದಲ್ಲಿ ಬೋನು ಇಡುವ ಮುನ್ನ ಅಲ್ಲಿನ ವನ್ಯಜೀವಿ ಇಲಾಖೆಯಿಂದ ಉತ್ತರವನ್ನು ಬರಹದಲ್ಲಿ ಪಡೆಯುವುದು, ಜಾಗದ ಒಡೆಯರ ಒಪ್ಪಿಗೆ ಪಡೆಯುವುದು ಎರಡೂ ಅಗತ್ಯ. ಕಾಲಿನಲ್ಲಿ ಉಂಗುರವಿರುವ ಪಾರಿವಾಳ ಸಿಕ್ಕರೆ ಅದು ಯಾರೋ ಸಾಕಿದ್ದು, ಬಹುಶಃ ಪಂದ್ಯದಲ್ಲಿ ದಾರಿ ತಪ್ಪಿದ್ದು. ನೀರು ಮೇವು ಕೊಟ್ಟು ಒಡೆಯರಿಗೆ ತಿಳಿಸಬೇಕು ಅಥವಾ ಬಿಟ್ಟುಬಿಡಬೇಕು. ಈ ಪ್ರಕರಣದಲ್ಲಿ ಅಂಥದ್ದೊಂದು ಸಿಕ್ಕಿತ್ತು, ತರಬೇತುದಾರರು ಅದನ್ನು ಬಿಟ್ಟರು.

ಆದರೆ ಅವರು ಕೇಳದೆ ಉಳಿದ ಪ್ರಶ್ನೆಯೊಂದಿತ್ತು: ಕೊಟ್ಟಿಗೆಯಲ್ಲಿ ವಿಷ ಇಡಲಾಗಿದೆಯೇ? ಇಲಿಗಳಿಗಾಗಿ ಕಣಜದ ಮೂಲೆಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯ ವಿಷದ ಬಿಲ್ಲೆಗಳಿದ್ದವು. ಅವನ್ನು ಕುಕ್ಕಿದ ಪಾರಿವಾಳ ನಾಯಿಯ ಬಾಯಿಗೆ ಹೋದರೆ ನಾಯಿಗೂ ಅಪಾಯ. ಅದೃಷ್ಟವಶಾತ್ ಬಿಲ್ಲೆಗಳು ಮುಚ್ಚಿದ ಪೆಟ್ಟಿಗೆಗಳಲ್ಲಿದ್ದವು. ಪಾರಿವಾಳಗಳನ್ನೇ ಓಡಿಸಲು ಕೆಲವೆಡೆ 4-ಅಮಿನೊಪಿರಿಡಿನ್ ಎಂಬ ವಿಷ ಬೆರೆಸಿದ ಕಾಳನ್ನೂ ಎರಚುವುದುಂಟು. ಅಂಥ ಜಾಗದ ಹಕ್ಕಿಯನ್ನು ತರಬೇತಿಗೆ ತರಲೇಬಾರದು.

ಬೋನು

ಬಳಸಿದ ಬೋನು ಸರಳವಾದದ್ದು. ತಗ್ಗಾದ, ಅಗಲವಾದ ತಂತಿಜಾಲರಿಯ ಪೆಟ್ಟಿಗೆ. ಅದರ ಒಂದು ಬದಿಯಲ್ಲಿ ತೆರೆದ ಬಾಗಿಲು. ಬಾಗಿಲಿನ ಮೇಲಿನ ಪಟ್ಟಿಯಿಂದ ಸುಮಾರು ಐದು ಸೆಂಟಿಮೀಟರ್ ಅಂತರದಲ್ಲಿ ಸಾಲಾಗಿ ಇಳಿಬಿಟ್ಟ ಹಗುರವಾದ ಸರಳುಗಳು. ಸರಳುಗಳ ಕೆಳತುದಿ ಹೊಸ್ತಿಲಿನ ಒಳಬದಿಗೆ ತಾಗಿ ನಿಲ್ಲುತ್ತದೆ. ಹೊರಗಿನಿಂದ ಎದೆಯಿಂದ ತಳ್ಳಿದರೆ ಅವು ಒಳಕ್ಕೆ ತೂಗಿ ದಾರಿ ಬಿಡುತ್ತವೆ. ಒಳಗಿನಿಂದ ತಳ್ಳಿದರೆ ಹೊಸ್ತಿಲು ತಡೆಯುತ್ತದೆ. ಹಕ್ಕಿಗೆ ಗಾಯ ಮಾಡುವಂಥದ್ದು ಇದರಲ್ಲಿ ಏನೂ ಇಲ್ಲ, ಮತ್ತು ಬೇಡದ ಹಕ್ಕಿಯನ್ನು ಹಾಗೆಯೇ ಹೊರಬಿಡಬಹುದು. ಈ ಕಾರಣಕ್ಕೆ ಉಳಿದೆಲ್ಲ ಬಗೆಯ ಬಲೆ, ಉರುಳುಗಳಿಗಿಂತ ಇದನ್ನೇ ನಾನು ಒಪ್ಪುತ್ತೇನೆ.

ಬೋನು ಒಳ್ಳೆಯದಾಗಿದ್ದರೂ ಮೊದಲ ವಾರ ಒಂದು ಹಕ್ಕಿಯೂ ಬೀಳಲಿಲ್ಲ. ತರಬೇತುದಾರರು ಅದನ್ನು ಕೊಟ್ಟಿಗೆಯ ಹಿಂಬದಿಯಲ್ಲಿ, ಮರದ ನೆರಳಿನಲ್ಲಿ, ಜನ ಕಾಣದ ಮೂಲೆಯಲ್ಲಿ ಇಟ್ಟು, ಒಳಗೆ ಕಾಳು ಸುರಿದು, ಸರಳುಗಳನ್ನು ಇಳಿಬಿಟ್ಟು ಹೋಗಿದ್ದರು. ಮನುಷ್ಯರಿಗೆ ಮರೆಯಾದ ಜಾಗ ಒಳ್ಳೆಯದೆನಿಸುವುದು ಸಹಜ. ಪಾರಿವಾಳಕ್ಕೆ ಮರೆಯ ಜಾಗವೆಂದರೆ ಬೆಕ್ಕು ಹೊಂಚುವ ಜಾಗ. ಅದು ಬಯಲಿನಲ್ಲಿ, ಸುತ್ತಲೂ ಕಾಣುವಲ್ಲಿ, ಹಿಂಡಿನ ಜೊತೆಗೆ, ನಿನ್ನೆ ತಿಂದ ಜಾಗದಲ್ಲೇ ಇಂದೂ ತಿನ್ನಲು ಇಳಿಯುತ್ತದೆ. ಇಷ್ಟು ಸಾಲದೆಂಬಂತೆ ಐವತ್ತು ಹೆಜ್ಜೆ ಆಚೆಗೆ ಅಂಗಳದ ತುಂಬ ಚೆಲ್ಲಿದ ಮೆಕ್ಕೆಜೋಳವಿರುವಾಗ ಬೋನಿನ ಕಾಳಿಗೆ ಯಾವ ಹಕ್ಕಿ ತಾನೇ ಹೋದೀತು?

ಹಳೆಯ ತರಬೇತುದಾರರೊಬ್ಬರ ಮಾತಿನಂತೆ ಅವರು ಎಲ್ಲವನ್ನೂ ಬದಲಿಸಿದರು. ಬೋನನ್ನು ಮೇವು ಬೆರೆಸುವ ಅಂಗಳದ ಅಂಚಿಗೆ, ಹಿಂಡು ಬೆಳಗ್ಗೆ ಸೂರಿನಿಂದ ಇಳಿಯುವ ದಾರಿಗೆ ತಂದರು. ಸರಳುಗಳನ್ನು ಮೇಲಕ್ಕೆ ಕಟ್ಟಿ ಬಾಗಿಲನ್ನು ತೆರೆದೇ ಇಟ್ಟರು. ಹೈನುಗಾರರು ದಿನವೂ ಅಂಗಳ ಗುಡಿಸತೊಡಗಿದರು. ಕಾಳು ಮೊದಲು ಬೋನಿನ ಹೊರಗೆ, ಮರುದಿನ ಬಾಗಿಲಿನ ಬಳಿ, ಆಮೇಲೆ ಹೊಸ್ತಿಲಿನ ಮೇಲೆ, ಕೊನೆಗೆ ಒಳಗೆ ಮಾತ್ರ. ಹಕ್ಕಿಗಳು ಯಾವ ಅಳುಕೂ ಇಲ್ಲದೆ ಒಳಗೆ ಹೋಗಿ ಬರುವಂತಾದ ಮೇಲಷ್ಟೇ, ಒಂದು ಮುಂಜಾನೆ ಸರಳುಗಳನ್ನು ಇಳಿಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಬೋನು ತುಂಬಿತ್ತು. ಖಾಲಿ ಮಾಡುವಾಗ ನಾಲ್ಕೈದು ಹಕ್ಕಿಗಳನ್ನು ದೀವದ ಹಕ್ಕಿಗಳಾಗಿ ಒಳಗೇ ಬಿಟ್ಟರು. ಒಳಗೆ ನಿರಾಳವಾಗಿ ಕಾಳು ಕುಕ್ಕುತ್ತಿರುವ ಹಕ್ಕಿಯನ್ನು ಕಂಡರೆ ಮೇಲೆ ಸುತ್ತುವ ಹಿಂಡಿಗೆ ಬೇರೆ ಭರವಸೆ ಬೇಕಿಲ್ಲ. ಹಿಂಡಿನ ಮೇಲಿನ ಈ ನಂಬಿಕೆ ಪಾರಿವಾಳಗಳಿಗೆ ಎಷ್ಟು ಅಪಾಯಕಾರಿಯಾಗಬಹುದು ಎಂಬುದಕ್ಕೆ ಉತ್ತರ ಅಮೆರಿಕದ ವಲಸೆ ಪಾರಿವಾಳದ ಕಥೆಯಿದೆ. ಅವುಗಳನ್ನೂ ದೀವದ ಹಕ್ಕಿ ಕಟ್ಟಿ ಬಲೆಗೆ ಇಳಿಸುತ್ತಿದ್ದರು. ಕೋಟಿಗಟ್ಟಲೆ ಇದ್ದ ಆ ಜಾತಿಯ ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಪ್ರಾಣಿಸಂಗ್ರಹಾಲಯದಲ್ಲಿ ಸತ್ತಿತು. ಕೊಟ್ಟಿಗೆಯ ಪಾರಿವಾಳಕ್ಕೆ ಅಂಥ ಭಯವಿಲ್ಲದಿದ್ದರೂ, ಬೋನು ತುಂಬಿತೆಂಬುದು ತುಂಬಿದಷ್ಟನ್ನೂ ಒಯ್ಯಲು ಕಾರಣವಾಗಬಾರದು.

ಬೋನಿಟ್ಟವರು ಅದನ್ನು ದಿನಕ್ಕೆ ಎರಡು ಬಾರಿಯಾದರೂ ನೋಡಬೇಕು. ಒಳಗೆ ನೀರಿರಬೇಕು, ಅರ್ಧ ಭಾಗಕ್ಕೆ ನೆರಳಿನ ಬಟ್ಟೆ ಇರಬೇಕು. ಇದಕ್ಕೆ ಪುರುಸೊತ್ತಿಲ್ಲದ ದಿನ ಸರಳುಗಳನ್ನು ಮೇಲಕ್ಕೆ ಕಟ್ಟಿಯೇ ಹೋಗಬೇಕು.

ಅಂದುಕೊಂಡಷ್ಟು ಹಕ್ಕಿ ಬೇಗ ಸಿಗಲಿಲ್ಲವೆಂದು ತರಬೇತುದಾರರು ನಡುವೆ ರಾತ್ರಿಯ ಹಿಡಿತಕ್ಕೂ ಇಳಿದರು. ಕೊಟ್ಟಿಗೆಯ ಬಾಗಿಲು ಮುಚ್ಚಿ, ಬೆಳಕು ಬೀರಿ ಹಕ್ಕಿಯ ಕಣ್ಣು ಮಂಕಾಗಿಸಿ, ಉದ್ದ ಹಿಡಿಯ ಮೀನುಬಲೆಯಿಂದ ತೊಲೆಗಳ ಮೇಲಿನ ಹಕ್ಕಿಗಳನ್ನು ಬಾಚುವ ಕ್ರಮವದು. ಬೇಗ ಆಗುವ ಕೆಲಸವಾದ್ದರಿಂದ ಇದನ್ನು ಮೆಚ್ಚುವವರು ಬಹಳ ಮಂದಿ. ಮರಿಯ ಕಾಲದಲ್ಲಿ ಇದಕ್ಕಿಂತ ಕ್ರೂರವಾದ ದಾರಿ ಇಲ್ಲವೆಂದು ನಾನು ನೇರವಾಗಿ ಹೇಳುತ್ತೇನೆ. ಪಾರಿವಾಳದ ಗಂಡು ಬೆಳಗಿನ ಹೊತ್ತೇರಿದ ಮೇಲಿನಿಂದ ಇಳಿಮಧ್ಯಾಹ್ನದವರೆಗೆ ಕಾವು ಕೂರುತ್ತದೆ. ಉಳಿದ ಸಮಯವೆಲ್ಲ, ಅಂದರೆ ಇಡೀ ರಾತ್ರಿ, ಹೆಣ್ಣಿನ ಸರದಿ. ಬೆಳಕು ಬಿದ್ದರೂ ಹಾರದೆ ಕೂತಲ್ಲೇ ಕೂರುವ ಹಕ್ಕಿ ಬಹುಪಾಲು ಮೊಟ್ಟೆಯ ಮೇಲೋ ಎಳೆಮರಿಯ ಮೇಲೋ ಕೂತ ತಾಯಿ. ಬಲೆಗೆ ಸುಲಭವಾಗಿ ಸಿಗುವುದೂ ಅದೇ. ಮೊಟ್ಟೆಯೊಡೆದು ಬಂದ ಮರಿ ಮೊದಲ ದಿನಗಳಲ್ಲಿ ಕಾಳು ತಿನ್ನಲಾರದು. ತಂದೆ ತಾಯಿ ಇಬ್ಬರ ಗಂಟಲಚೀಲದಲ್ಲೂ ಊರುವ ಮೊಸರಿನಂಥ ಹಾಲೇ ಅದಕ್ಕೆ ಆಹಾರ, ಅವುಗಳ ಮೈಬಿಸಿಯೇ ಅದಕ್ಕೆ ಹೊದಿಕೆ. ರಾತ್ರಿ ಹಿಡಿದ ಎರಡು ದಿನಗಳ ನಂತರ ಹೈನುಗಾರರ ಮಗ ತೊಲೆಯ ಮೇಲೆ ಸತ್ತ ಮರಿಗಳನ್ನು ಕಂಡು ತರಬೇತುದಾರರಿಗೆ ತಿಳಿಸಿದ. ಅವರು ಅಂದೇ ರಾತ್ರಿಯ ಹಿಡಿತ ನಿಲ್ಲಿಸಿದರು. ಅದರ ಜೊತೆಗೆ ಹಿಕ್ಕೆಯ ಧೂಳಿನ ಅಪಾಯವೂ ಇತ್ತು. ಹಿಸ್ಟೊಪ್ಲಾಸ್ಮಾ, ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರಗಳು ಹಳೆಯ ಹಿಕ್ಕೆಯಲ್ಲಿ ಬೆಳೆಯುತ್ತವೆ, ಧೂಳಿನೊಂದಿಗೆ ಶ್ವಾಸಕೋಶ ಸೇರುತ್ತವೆ. ಹಕ್ಕಿಗಳಿಂದ ಬರುವ ಸಿಟಕೋಸಿಸ್ ಜ್ವರವೂ ಧೂಳಿನಿಂದಲೇ ತಾಗುತ್ತದೆ. ಅಂಥ ಕಡೆ ಹಿಕ್ಕೆಗೆ ನೀರು ಚಿಮುಕಿಸದೆ, ಮುಖಕ್ಕೆ ಬಿಗಿಯಾದ ಎನ್-95 ಮುಸುಕಿಲ್ಲದೆ ಕೆಲಸ ಮಾಡಬಾರದು.

ಹಕ್ಕಿಗಳ ಸಾವು

ನಾನು ಮೊದಲ ಬಾರಿ ಹೋದಾಗ ಹಿಡಿದ ಹಕ್ಕಿಗಳು ನಾಯಿಮನೆಯ ಪಕ್ಕದ ಒಂದು ಇಕ್ಕಟ್ಟಾದ ಪಂಜರದಲ್ಲಿದ್ದವು. ಬೇರೆ ಬೇರೆ ದಿನ ಹಿಡಿದವೆಲ್ಲ ಒಂದೇ ಕಡೆ, ಎಲ್ಲಕ್ಕೂ ಒಂದೇ ನೀರಿನ ಬೋಗುಣಿ. ಕೆಲವು ಪುಕ್ಕ ಉಬ್ಬಿಸಿ ಮೂಲೆಯಲ್ಲಿ ಕೂತಿದ್ದವು, ಕಾಳು ಎತ್ತಿ ಕೆಳಗೆ ಹಾಕುತ್ತಿದ್ದವು, ನುಂಗುತ್ತಿರಲಿಲ್ಲ. ಒಂದರ ಕೊಕ್ಕು ತೆರೆದು ನೋಡಿದಾಗ ಗಂಟಲಲ್ಲಿ ಹಳದಿ ಗಿಣ್ಣಿನಂಥ ಗಡ್ಡೆ ಕಂಡಿತು. ಪಾರಿವಾಳ ಸಾಕುವವರು ಕ್ಯಾಂಕರ್ ಎನ್ನುವ ರೋಗವಿದು. ಟ್ರೈಕೊಮೊನಾಸ್ ಗ್ಯಾಲಿನೆ ಎಂಬ ಏಕಕೋಶ ಜೀವಿಯಿಂದ ಬರುತ್ತದೆ, ನೀರಿನ ಪಾತ್ರೆಯಿಂದ ಹರಡುತ್ತದೆ. ಕೊಟ್ಟಿಗೆಯ ಹಿಂಡಿನಲ್ಲಿ ಬಹಳಷ್ಟು ಹಕ್ಕಿಗಳು ಇದನ್ನು ಮೈಯಲ್ಲಿಟ್ಟುಕೊಂಡೇ ಆರೋಗ್ಯವಾಗಿರುತ್ತವೆ. ಹಿಡಿದ ಗಾಬರಿ, ಇಕ್ಕಟ್ಟು, ಕೊಳಕು ನೀರು ಸೇರಿದಾಗ ಒಳಗೆ ಅಡಗಿದ್ದದ್ದು ಏಳುತ್ತದೆ. ಪಶುವೈದ್ಯರು ಪರೀಕ್ಷಿಸಿ ಅದನ್ನೇ ಖಚಿತಪಡಿಸಿದರು, ನೀರಿನಲ್ಲಿ ಬೆರೆಸುವ ಔಷಧ ಬರೆದುಕೊಟ್ಟರು. ತೀರಾ ಬಳಲಿದ್ದವನ್ನು ಅವರೇ ನೋವಿಲ್ಲದೆ ಕೊನೆಗಾಣಿಸಿದರು.

ಇಲ್ಲಿ ತಿದ್ದಬೇಕಾದದ್ದು ಹೆಚ್ಚೇನಿರಲಿಲ್ಲ, ಆದರೆ ಇದ್ದದ್ದೆಲ್ಲ ಮೂಲಭೂತವಾದದ್ದು. ಹೊಸದಾಗಿ ಹಿಡಿದ ಹಕ್ಕಿಗಳನ್ನು ಕನಿಷ್ಠ ಎರಡು ವಾರ ಬೇರೆ ಇಡಬೇಕು. ಪ್ರತಿ ಹಕ್ಕಿಗೂ ಕೂರಲು ತನ್ನದೇ ಒಂದು ಮಣೆ ಇರಬೇಕು. ನೀರಿನ ಪಾತ್ರೆಯೊಳಗೆ ಹಿಕ್ಕೆ ಬೀಳದಂತೆ ಮುಚ್ಚಳವಿರಬೇಕು, ದಿನವೂ ತೊಳೆಯಬೇಕು. ಕಾಳಿನ ಜೊತೆಗೆ ಅರೆಯಲು ಸಣ್ಣ ಕಲ್ಲಿನ ಚೂರು ಇರಬೇಕು. ಸಾಲ್ಮೊನೆಲ್ಲಾ ಎಂಬ ರೋಗಾಣು ನಾಯಿಗೂ ಮನುಷ್ಯರಿಗೂ ದಾಟಬಲ್ಲದಾದ್ದರಿಂದ ಹಕ್ಕಿ ಮುಟ್ಟಿದ ಕೈ ತೊಳೆಯದೆ ನಾಯಿಯ ಊಟ ಕಲಸಬಾರದು. ಇದೆಲ್ಲ ಹಕ್ಕಿಯ ಮೇಲಿನ ಕರುಣೆಗಾಗಿ ಮಾತ್ರ ಎಂದು ತಿಳಿಯಬೇಕಾಗಿಲ್ಲ. ಸೊರಗಿದ ಪಾರಿವಾಳ ಸಾಕಿದ ಲಾವಕ್ಕಿಯಂತೆಯೇ ಹಾರುತ್ತದೆ, ನಾಯಿ ಅದನ್ನೂ ಹಿಡಿಯುತ್ತದೆ, ಆಗ ತರಬೇತಿ ಆರಂಭವಾದಲ್ಲಿಗೇ ಬಂದು ನಿಲ್ಲುತ್ತದೆ.

ಬಯಲಿನಲ್ಲಿ

ತರಬೇತಿಗೆ ಬಳಸಿದ್ದು ರಿಮೋಟ್‌ನಿಂದ ತೆರೆಯುವ ಲಾಂಚರ್. ಸ್ಪ್ರಿಂಗ್ ಇರುವ ಎರಡು ರೆಕ್ಕೆಗಳ ನಡುವಿನ ಬಟ್ಟೆಯ ಜೋಳಿಗೆಯಲ್ಲಿ ಹಕ್ಕಿಯನ್ನು ಮಲಗಿಸಿ ಮುಚ್ಚಲಾಗುತ್ತದೆ. ಗುಂಡಿ ಒತ್ತಿದಾಗ ರೆಕ್ಕೆಗಳು ತೆರೆದು ಹಕ್ಕಿಯನ್ನು ಮೇಲಕ್ಕೆ ಎತ್ತಿ ಬಿಡುತ್ತವೆ. ಹಕ್ಕಿಯ ತಲೆಯನ್ನು ರೆಕ್ಕೆಯಡಿ ಮಡಚಿ ಮಂಪರುಗೊಳಿಸಿ ಹುಲ್ಲಿನಲ್ಲಿ ಮಲಗಿಸುವ ಹಳೆಯ ಕ್ರಮವೂ ಇದೆ. ಆದರೆ ಹಕ್ಕಿ ಯಾವಾಗ ಏಳುತ್ತದೆ ಎಂಬುದು ಆಗ ತರಬೇತುದಾರರ ಕೈಯಲ್ಲಿರುವುದಿಲ್ಲ. ತೆವಳಿ ಹಿಡಿಯುವ ಚಟ ಹತ್ತಿದ ಈ ನಾಯಿಗೆ ಅದು ಹೊಂದುತ್ತಿರಲಿಲ್ಲ.

ಮೊದಲು ಹಕ್ಕಿಯಿಲ್ಲದ ಖಾಲಿ ಲಾಂಚರನ್ನು ನಾಯಿ ಊಟ ಮಾಡುವಾಗ ಬಹು ದೂರದಲ್ಲಿ ತೆರೆದು, ದಿನದಿಂದ ದಿನಕ್ಕೆ ಹತ್ತಿರ ತರಲಾಯಿತು. ಈ ಹೆಜ್ಜೆಯನ್ನು ಹಾರಿಸಿದವರ ನಾಯಿಗಳು ಸದ್ದಿಗೆ ಬೆಚ್ಚಿ ಹಕ್ಕಿಯ ವಾಸನೆಯನ್ನೇ ದೂರವಿಡುವುದನ್ನು ಕಂಡಿದ್ದೇನೆ. ಆ ಭಯವನ್ನು ಬಿಡಿಸುವುದು ಬಹಳ ಕಷ್ಟ.

ಆಮೇಲೆ ಹಕ್ಕಿ. ಲಾಂಚರನ್ನು ಹುಲ್ಲಿನ ಮರೆಯಲ್ಲಿಟ್ಟು, ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ, ಉದ್ದ ಹಗ್ಗದಲ್ಲಿ ನಾಯಿಯನ್ನು ತರಲಾಯಿತು. ವಾಸನೆ ಹಕ್ಕಿಯಿಂದ ಗಾಳಿಯ ದಿಕ್ಕಿಗೆ ಅಗಲವಾಗುತ್ತ ಹರಡುತ್ತದೆ. ನೇರವಾಗಿ ಗಾಳಿಗೆದುರು ಬರುವ ನಾಯಿಗೆ ಅದು ಸ್ವಲ್ಪಸ್ವಲ್ಪವಾಗಿ ಸಿಕ್ಕಿ ಮುಂದೆ ಮುಂದೆ ಎಳೆಯುತ್ತದೆ. ಅಡ್ಡವಾಗಿ ಬರುವ ನಾಯಿ ಅದಕ್ಕೆ ಥಟ್ಟನೆ ತಾಗಿ ತಲೆ ತಿರುಗಿಸುತ್ತದೆ. ಆ ತಲೆ ತಿರುವು ಕಂಡಾಗ ತರಬೇತುದಾರರು ಬಾಯಿ ತೆರೆಯಬಾರದು, ಹಗ್ಗ ಎಳೆಯಬಾರದು. ನಾಯಿ ನಿಂತರೆ ಹಕ್ಕಿ ಅಲ್ಲಿಯೇ ಇರುತ್ತದೆ. ಒಂದು ಹೆಜ್ಜೆ ಮುಂದಿಟ್ಟರೂ ಗುಂಡಿ ಒತ್ತಿ ಹಕ್ಕಿಯನ್ನು ಹಾರಿಸಬೇಕು. ಮೊದಲ ದಿನಗಳಲ್ಲಿ ನಾಯಿ ಪ್ರತಿ ಬಾರಿಯೂ ತೆವಳಿತು, ಪ್ರತಿ ಬಾರಿಯೂ ಪಾರಿವಾಳ ರೆಕ್ಕೆ ಬಡಿದು ಆಕಾಶಕ್ಕೇರಿತು, ನಾಯಿ ಹಗ್ಗದ ತುದಿಯವರೆಗೆ ಓಡಿ ನಿಂತು ನೋಡಿತು. ಯಾರೂ ಗದರಲಿಲ್ಲ. ಕ್ರಮೇಣ ವಾಸನೆ ಹಿಡಿದ ಮೇಲಿನ ತೆವಳುವಿಕೆ ಮೊಟಕಾಯಿತು; ಕೆಲವು ವಾರಗಳಲ್ಲಿ ಅದು ವಾಸನೆ ಸಿಕ್ಕಲ್ಲೇ ಬಾಲ ನಿಗುರಿಸಿ ಕಲ್ಲಾಗಿ ನಿಲ್ಲತೊಡಗಿತು. ತಾನು ಕದಲಿದರೆ ಹಕ್ಕಿ ಹೋಗುತ್ತದೆ ಎಂಬ ಸಂಬಂಧವನ್ನು ಅದು ತಾನಾಗಿ ಕಂಡುಕೊಂಡಿತ್ತು. ಮನುಷ್ಯ ಹೇರಿದ ಆಜ್ಞೆಗಿಂತ ಇದು ಗಟ್ಟಿಯಾದ ಕಲಿಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಹಂತದಲ್ಲಿ ಯಾವ ಹಕ್ಕಿಗೂ ಗುಂಡು ಹೊಡೆಯಲಿಲ್ಲ, ಹೊಡೆಯಬೇಕಾದ ಅಗತ್ಯವೂ ಇರಲಿಲ್ಲ. ಲಾಂಚರಿನಲ್ಲಿ ಮಲಗಿಸುವಾಗ ರೆಕ್ಕೆಯ ಉದ್ದ ಗರಿಗಳು ಅಂಚಿಗೆ ಸಿಕ್ಕದಂತೆ ಮಡಚಿರಬೇಕು. ಬಿಸಿಲಿನಲ್ಲಿ ಹಕ್ಕಿಯನ್ನು ಒಳಗೆ ಕಾಯಿಸಬಾರದು. ಲಾಂಚರಿನ ಜಾಗವನ್ನು ಪ್ರತಿ ಬಾರಿ ಬದಲಿಸಬೇಕು, ಇಲ್ಲವಾದರೆ ಚುರುಕಾದ ನಾಯಿ ಹಕ್ಕಿಯ ಬದಲು ಮನುಷ್ಯನ ಹೆಜ್ಜೆಯ ವಾಸನೆಗೋ ಕಬ್ಬಿಣದ ವಾಸನೆಗೋ ನಿಲ್ಲುವುದನ್ನು ಕಲಿಯುತ್ತದೆ.

ಹಿಂದಿರುಗಿದ ಹಿಂಡು

ನಾಯಿ ಸುಧಾರಿಸುತ್ತಿದ್ದ ದಿನಗಳಲ್ಲೇ ಹೈನುಗಾರರಿಂದ ದೂರು ಬಂತು. ಇಷ್ಟು ಹಕ್ಕಿ ಹಿಡಿದರೂ ಕೊಟ್ಟಿಗೆಯಲ್ಲಿ ಒಂದೂ ಕಡಿಮೆಯಾದಂತಿಲ್ಲ, ಕೊಟ್ಟ ಮಾತು ಎಲ್ಲಿ ಹೋಯಿತು ಎಂದು ಅವರು ಕೇಳಿದರು. ನಾನು ಬಿಡುವ ಮುನ್ನ ಹಕ್ಕಿಗಳ ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಉಂಗುರ ತೊಡಿಸಲು ಹೇಳಿದೆ. ತರಬೇತಿಯ ಬಯಲು ಕೊಟ್ಟಿಗೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿತ್ತು. ಲಾಂಚರಿನಿಂದ ಹಾರಿದ ಪಾರಿವಾಳ ಮೇಲೆ ಒಂದೆರಡು ಸುತ್ತು ಹಾಕಿ ನೆಟ್ಟಗೆ ಕೊಟ್ಟಿಗೆಯ ದಿಕ್ಕು ಹಿಡಿಯುತ್ತಿತ್ತು. ತರಬೇತುದಾರರು ಸಾಮಾನು ಕಟ್ಟಿ ಕೊಟ್ಟಿಗೆಗೆ ಹೋಗುವಷ್ಟರಲ್ಲಿ ಉಂಗುರದ ಹಕ್ಕಿಗಳು ಸೂರಿನ ಮೇಲಿದ್ದವು. ಮುಂದಿನ ವಾರ ಅವುಗಳಲ್ಲಿ ಕೆಲವು ಮತ್ತೆ ಬೋನಿಗೆ ಬಿದ್ದವು. ಮನೆಗೆ ಮರಳುವ ಗುಣ ಪಂದ್ಯದ ಪಾರಿವಾಳಗಳಿಗೆ ಮಾತ್ರ ಇರುವುದೆಂದು ತರಬೇತುದಾರರು ನಂಬಿದ್ದರು. ಪಂದ್ಯದ ತಳಿಗಳಲ್ಲಿ ಅದನ್ನು ಆಯ್ದು ಬೆಳೆಸಲಾಗಿದೆ, ನಿಜ. ಆದರೆ ಸೂರ್ಯನ ನೆಲೆ, ಭೂಮಿಯ ಕಾಂತಕ್ಷೇತ್ರ, ಗಾಳಿಯ ವಾಸನೆ, ನೆಲದ ಗುರುತುಗಳನ್ನು ಹಿಡಿದು ಗೂಡಿಗೆ ಮರಳುವ ಸಾಮರ್ಥ್ಯ ಆ ವಂಶಕ್ಕೆಲ್ಲ ಸೇರಿದ್ದು. ಗೂಡಿನಲ್ಲಿ ಮರಿಯಿದ್ದ ಹಕ್ಕಿಯಂತೂ ತಡಮಾಡದೆ ಮರಳುತ್ತದೆ.

ಹಾಗೆ ಮರಳದಿದ್ದರೂ ಸಂಖ್ಯೆ ಇಳಿಯುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಅನುಭವ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿ 1961ರಿಂದ 1985ರವರೆಗೆ ಬೋನು ಮತ್ತು ಬಂದೂಕುಗಳಿಂದ ಸುಮಾರು 1,00,000 ಪಾರಿವಾಳಗಳನ್ನು ಕೊಂದರೂ, ಸುಮಾರು 20,000ದಷ್ಟಿದ್ದ ಹಿಂಡು ಹಾಗೆಯೇ ಉಳಿಯಿತು. ಹೋದವುಗಳ ಜಾಗವನ್ನು ಎಳೆಯ ಹಕ್ಕಿಗಳು ತುಂಬುತ್ತಿದ್ದವು. 1988ರಲ್ಲಿ ಜೀವವಿಜ್ಞಾನಿ ಡೇನಿಯಲ್ ಹಾಗ್-ವಾಕರ್‌ನಾಗೆಲ್ ಅವರ ಮುಂದಾಳತ್ವದಲ್ಲಿ, ಜನರು ಕಾಳು ಹಾಕುವುದನ್ನು ಬಿಡುವಂತೆ ಮನವೊಲಿಸುವ, ಮೊಟ್ಟೆಗಳನ್ನು ತೆಗೆಯಬಹುದಾದ ಗೂಡುಮನೆಗಳನ್ನು ಕಟ್ಟುವ ಕಾರ್ಯಕ್ರಮ ಶುರುವಾಯಿತು. ನಾಲ್ಕು ವರ್ಷಗಳ ಆಸುಪಾಸಿನಲ್ಲಿ ಹಿಂಡು ಅರ್ಧಕ್ಕಿಳಿಯಿತು. ಹಿಂಡಿನ ಗಾತ್ರವನ್ನು ನಿರ್ಧರಿಸುವುದು ಸಿಗುವ ಮೇವು ಮತ್ತು ಗೂಡಿನ ಜಾಗ ಎಂಬುದನ್ನು ನಾನು ಹೈನುಗಾರರ ಎದುರಿಟ್ಟೆ. ಅವರಿಗೆ ಮೊದಲು ಸಿಟ್ಟು ಬಂತು. ಆದರೆ ಬೋನಿಗಾಗಿ ಅಂಗಳ ಗುಡಿಸಿದ ದಿನಗಳಲ್ಲಿ ಹಿಂಡಿನ ಒಂದು ಭಾಗ ಬೇರೆ ಕಡೆ ಮೇಯಲು ಹೋಗುತ್ತಿದ್ದದ್ದನ್ನು ಅವರೇ ಕಂಡಿದ್ದರು, ಹಾಗಾಗಿ ಒಪ್ಪಿದರು. ಮೇವು ಬೆರೆಸುವ ಯಂತ್ರದ ಸುತ್ತ ತಡೆ ಕಟ್ಟಿಸಿದರು. ಸೂರಿನ ಕಿಂಡಿಗಳಿಗೆ ಜಾಲರಿ ಹಾಕಿಸುವುದನ್ನು, ಗೂಡಿನಲ್ಲಿದ್ದ ಮರಿಗಳು ಹಾರುವವರೆಗೆ ಮುಂದೂಡಿ ಎಂಬ ನನ್ನ ಕೋರಿಕೆಯನ್ನೂ ನಡೆಸಿಕೊಟ್ಟರು.

ಹೊಸ ಗೂಡು

ತರಬೇತುದಾರರಿಗೆ ಈಗ ಬೇಕಾದದ್ದು ಹಾರಿಸಿದ ಮೇಲೆ ತಮ್ಮಲ್ಲಿಗೇ ಮರಳುವ ಹಕ್ಕಿ. ಕೊಟ್ಟಿಗೆಯನ್ನು ನೆಲೆ ಎಂದು ತಿಳಿದ ಬಲಿತ ಪಾರಿವಾಳಕ್ಕೆ ಹೊಸ ನೆಲೆ ಒಪ್ಪಿಸುವುದು ಬಹುತೇಕ ಅಸಾಧ್ಯ. ತಿಂಗಳುಗಟ್ಟಲೆ ಕೂಡಿಟ್ಟರೂ ಬಾಗಿಲು ತೆರೆದ ದಿನ ಅದು ಹೋಗುತ್ತದೆ. ಆದರೆ ಆ ಬಲಿತ ಜೋಡಿ ಹೊಸ ಗೂಡಿನಲ್ಲಿ ಮರಿ ಮಾಡಿದರೆ, ಆ ಮರಿಗೆ ಅದೇ ನೆಲೆ. ಹೀಗಾಗಿ ಗಾಳಿ ಬೆಳಕಿರುವ ಒಂದು ಪಾರಿವಾಳದ ಮನೆ ಕಟ್ಟಿ, ಔಷಧ ಮುಗಿಸಿದ ಆರೋಗ್ಯವಂತ ಜೋಡಿಗಳಲ್ಲಿ ಕೆಲವನ್ನು ಮಾತ್ರ ಹೊರಬಿಡದೆ ಒಳಗಿಟ್ಟುಕೊಂಡು, ಉಳಿದೆಲ್ಲವನ್ನೂ ಬಿಟ್ಟುಬಿಡಲಾಯಿತು. ಅವು ಹುಟ್ಟಿಸಿದ ಮರಿಗಳನ್ನು, ಇನ್ನೂ ಕೀರಲು ದನಿ ಹೋಗದ ಐದಾರು ವಾರದ ಪ್ರಾಯದಲ್ಲಿ, ಮನೆಯ ಮಾಡಿನ ಮೇಲಿನ ಜಾಲರಿಯ ಪೆಟ್ಟಿಗೆಯಲ್ಲಿ ದಿನಕ್ಕೆ ಕೆಲವು ಗಂಟೆ ಕೂರಿಸಿ ಸುತ್ತಲಿನ ಆಕಾಶ, ಮರ, ಮಾಡುಗಳನ್ನು ನೋಡಲು ಬಿಡಲಾಯಿತು. ಆಮೇಲೆ ಹಸಿದಿರುವಾಗ ಹೊರಬಿಟ್ಟು, ಡಬ್ಬಿಯಲ್ಲಿ ಕಾಳು ಕುಲುಕಿ ಒಳಕ್ಕೆ ಕರೆಯಲಾಯಿತು. ಅವು ಒಳಬರುವ ಬಾಗಿಲಿಗೆ ತೂಗುಹಾಕಿದ್ದು ಕೊಟ್ಟಿಗೆಯ ಬೋನಿನಿಂದ ಬಿಚ್ಚಿ ತಂದ ಅದೇ ಸರಳುಗಳನ್ನು.

ಮೂರು ತಿಂಗಳ ವಯಸ್ಸಿನ ಹೊತ್ತಿಗೆ ಈ ಹಕ್ಕಿಗಳು ಲಾಂಚರಿನಿಂದ ಹಾರಿ, ತರಬೇತುದಾರರು ಮನೆ ಸೇರುವ ಮೊದಲೇ ತಮ್ಮ ಮಣೆಯ ಮೇಲಿರುತ್ತಿದ್ದವು. ಒಂದು ಹಕ್ಕಿಯನ್ನು ದಿನಕ್ಕೆ ಒಂದು ಬಾರಿಗಿಂತ ಹೆಚ್ಚು ಬಳಸುವುದಿಲ್ಲ, ಗರಿ ಉದುರುವ ಕಾಲದಲ್ಲಿ ಬಿಡುವು ಕೊಡುತ್ತಾರೆ, ಗಿಡುಗ ಸುತ್ತುತ್ತಿದ್ದರೆ ಅಂದಿನ ಪಾಠವನ್ನೇ ಕೈಬಿಡುತ್ತಾರೆ. ನಾಯಿ ಈಗ ಹಕ್ಕಿ ಹಾರಿದರೂ ನಿಂತಲ್ಲೇ ನಿಲ್ಲುತ್ತದೆ. ಇನ್ನೊಂದು ನಾಯಿ ನಿಂತದ್ದನ್ನು ಕಂಡು ತಾನೂ ನಿಲ್ಲುವ ಪಾಠ ನಡೆಯುತ್ತಿದೆ, ಅದಿನ್ನೂ ಪೂರ್ತಿ ಕೈಗೂಡಿಲ್ಲ. ಪಾರಿವಾಳದ ಮೇಲೆ ಕಲಿತದ್ದನ್ನು ಅದು ಬಯಲಿನ ಗೌಜಲಕ್ಕಿಯ ಎದುರು ಎಷ್ಟರಮಟ್ಟಿಗೆ ಉಳಿಸಿಕೊಳ್ಳುತ್ತದೆ ಎಂಬುದು ಮುಂದಿನ ಋತುವಿನಲ್ಲಿ ಗೊತ್ತಾಗಲಿದೆ.

ಬೇರೊಂದು ಕಣಜದಿಂದ ಮತ್ತೆ ಹಿಡಿಯಬಹುದೇ ಎಂದು ತರಬೇತುದಾರರು ಇತ್ತೀಚೆಗೆ ಕೇಳಿದರು. ಗೂಡಿಗೆ ಹೊಸ ರಕ್ತ ಬೇಕು ಎಂಬುದು ಅವರ ಕಾರಣ, ಅದು ಸರಿಯಾದದ್ದೇ. ಮೊಟ್ಟೆ ಮರಿಗಳು ಅತ್ಯಂತ ಕಡಿಮೆಯಿರುವ ಚಳಿಯ ತಿಂಗಳಲ್ಲಿ, ಹಗಲಿನಲ್ಲಿ, ಸರಳಿನ ಬೋನಿನಿಂದ ಮಾತ್ರ, ಸಾಕುವಷ್ಟು ಜಾಗವಿರುವ ಕೆಲವೇ ಹಕ್ಕಿಗಳನ್ನು ಹಿಡಿಯಬಹುದು, ಆದರೆ ಅದಕ್ಕೂ ಮುನ್ನ ಏಣಿ ಹಾಕಿ ತೊಲೆಗಳ ಮೇಲಿನ ಗೂಡುಗಳನ್ನೆಲ್ಲ ಒಮ್ಮೆ ನೋಡಿ ಬರಬೇಕು ಎಂದು ತಿಳಿಸಿದ್ದೇನೆ.